ಪಿಪಿ, ಕಬ್ಬಿಣ, ಪೆಟ್: ಮೂರೂ ಪಟ್ಟಿ ಕಟ್ಟಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬಾಕ್ಸುಗಳ ಲೋಡು ಬಿಗಿದು ಕಟ್ಟುವ ಪ್ಯಾಕಿಂಗ್ ಪಟ್ಟಿಗಳಲ್ಲಿ ನನ್ನ ಓಟು ಪೆಟ್ ಪಟ್ಟಿಗೆ, ಅಂದರೆ ನೀರಿನ ಬಾಟಲಿ ಮಾಡುವ ಜಾತಿಯ ಪ್ಲಾಸ್ಟಿಕ್ಕಿನದಕ್ಕೆ. ಹಸಿರು ಬಣ್ಣದ್ದು, 16 ಮಿಮೀ ಅಗಲ, 0.8 ಮಿಮೀ ದಪ್ಪ. ಅದು ಸಿಗುವ ಹೊತ್ತಿಗೆ ಒಂದು ಲೋಡು ಹಾಳಾಗಿತ್ತು, ನಮ್ಮ ಹುಡುಗನೊಬ್ಬನ ಅಂಗೈಗೆ ಹೊಲಿಗೆ ಬಿದ್ದಿತ್ತು.

ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಶೆಡ್ಡು. ಎರಕದ ವಾಲ್ವ್ ಬಾಡಿಗಳನ್ನು ಮಷಿನಿಂಗ್ ಮಾಡಿ, ರಟ್ಟಿನ ಬಾಕ್ಸಿಗೆ ತುಂಬಿ, ಮರದ ಪ್ಯಾಲೆಟ್ (ಅಡಿಗೆ ಇಡುವ ಹಲಗೆ ಚೌಕಟ್ಟು) ಮೇಲೆ ಜೋಡಿಸಿ ಪುಣೆಗೆ ಕಳಿಸುತ್ತೇವೆ. ವಾರಕ್ಕೆ ಐದಾರು ಪ್ಯಾಲೆಟ್. ಒಂದೊಂದೂ 600 ಕಿಲೋ ಮೇಲೆ.

ಮೊದಲಿನಿಂದ ಕಟ್ಟುತ್ತಿದ್ದದ್ದು ಪಿಪಿ ಪಟ್ಟಿ, ಅಂದರೆ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ಹಗುರ, ಅಗ್ಗ, ಯಾರು ಬೇಕಾದರೂ ಕಟ್ಟಬಹುದು. ಆದರೆ ಒಮ್ಮೆ ಎಳೆದರೆ ಅದು ಎಳೆದಷ್ಟಕ್ಕೇ ಉದ್ದವಾಗಿ ಉಳಿದುಬಿಡುತ್ತದೆ. ಸಂಜೆ ಬಿಗಿದಾಗ ತಂಬೂರಿ ತಂತಿ, ಬೆಳಿಗ್ಗೆ ನೋಡಿದರೆ ಕೆಳಗೆ ಎರಡು ಬೆರಳು ತೂರುತ್ತವೆ. ಟ್ರಾನ್ಸ್‌ಪೋರ್ಟ್ ಆಫೀಸಿನ ಹಮಾಲನೊಬ್ಬ ಒಂದಿನ ಕೇಳಿಯೇಬಿಟ್ಟ: "ಏನ್ರೀ ಸಾವ್ಕಾರ್ರ, ಪಟ್ಟಿ ಕಟ್ಟೀರೋ, ಲಾಡಿ ಕಟ್ಟೀರೋ?" ನಕ್ಕು ಸುಮ್ಮನಾದೆ. ಮೂರನೇ ದಿನ ಪುಣೆಯಿಂದ ವಾಟ್ಸಾಪಿಗೆ ಫೋಟೋ ಬಂತು. ಮೇಲಿನ ಎರಡು ಸಾಲು ಬಾಕ್ಸು ಲಾರಿಯಲ್ಲೇ ಉರುಳಿದ್ದವು. ಪಟ್ಟಿ ಹರಿದಿರಲಿಲ್ಲ, ಹೂವಿನ ಹಾರದ ಹಾಗೆ ಜೋತು ಬಿದ್ದಿತ್ತು.

ಆ ಸಿಟ್ಟಿನಲ್ಲಿ ನೇರ ಕಬ್ಬಿಣದ ಪಟ್ಟಿಗೆ ಹೋದೆ. ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಬಿಸಿ ಮಾಲಿಗೆ, ಚೂಪು ಅಂಚಿನ ಮಾಲಿಗೆ ಇವತ್ತಿಗೂ ಅದೇ ಸರಿ. ಆದರೆ ಅದಕ್ಕೆ ಹಿಗ್ಗುವುದೂ ಗೊತ್ತಿಲ್ಲ, ಕುಗ್ಗುವುದೂ ಗೊತ್ತಿಲ್ಲ. ಮಳೆಗಾಲದಲ್ಲಿ ಮಾಡಿಸಿದ ಹಸಿ ಮರದ ಪ್ಯಾಲೆಟ್ ಒಣಗಿ ಸ್ವಲ್ಪ ಕುಗ್ಗಿತು, ಬಾಕ್ಸೂ ಒಂದಿಷ್ಟು ಕೂತವು, ಪಟ್ಟಿ ಸಡಿಲ. ಮೇಲೆ ತುಕ್ಕಿನ ಕಂದು ಗೆರೆ ಬೇರೆ. ಬಿಚ್ಚುವಾಗ ಕತ್ತರಿಸಿದ ತುದಿ ಚಿಮ್ಮಿ ಹುಡುಗನ ಅಂಗೈ ಸೀಳಿದ ಮೇಲೆ ನನಗೆ ಅದರ ಸಹವಾಸ ಬೇಡ ಅನ್ನಿಸಿತು.

ದರದಲ್ಲೂ ಒಂದು ಮೋಸವಿದೆ. ನಾನು ಕೊಂಡಾಗ ಕಿಲೋ ಲೆಕ್ಕದಲ್ಲಿ ಕಬ್ಬಿಣವೇ ಕಮ್ಮಿ. ಆದರೆ ನಾವು ಕಟ್ಟುವುದು ಮೀಟರ್ ಲೆಕ್ಕದಲ್ಲಿ ಅಲ್ವಾ? 19 ಮಿಮೀ ಅಗಲ, 0.5 ಮಿಮೀ ದಪ್ಪದ ಕಬ್ಬಿಣದ ಪಟ್ಟಿ ಕಿಲೋಗೆ ಹೆಚ್ಚುಕಮ್ಮಿ 13 ಮೀಟರ್ ಬರುತ್ತದೆ. ನನ್ನ ಪೆಟ್ ಪಟ್ಟಿ 57ರ ಹತ್ತಿರ.

ಇನ್ನು ಪೆಟ್. ಮಾಲು ಕೂತರೂ ಇದು ತಾನೂ ಅಷ್ಟು ಕುಗ್ಗಿ ಬಿಗಿ ಹಿಡಿದಿರುತ್ತದೆ. ತುಕ್ಕಿಲ್ಲ. ಇಷ್ಟೆಲ್ಲ ಹೊಗಳುತ್ತೇನೆ, ಆದರೆ ಮೊದಲ ವಾರ ಇದನ್ನೂ ವಾಪಸ್ ಕೊಡಲು ಹೊರಟಿದ್ದೆ.

ಕಾರಣ ಕ್ಲಿಪ್ಪು, ಅಂದರೆ ಪಟ್ಟಿಯ ಎರಡು ತುದಿ ಸೇರಿಸಿ ಹಿಡಿಯುವ ಲೋಹದ ತುಂಡು. ಮೊದಲ ಪ್ಯಾಲೆಟ್ ಕಟ್ಟಿದೆವು, ಚೆನ್ನಾಗಿ ಬಿಗಿದೆವು. ಟ್ರಾಲಿ ಮೇಲೆ ಎಳೆಯುವಾಗ 'ಚರ್ರ್' ಅಂತ ಸದ್ದು. ಪಟ್ಟಿ ತುಂಡಾಗಿಲ್ಲ, ಕ್ಲಿಪ್ಪೂ ಒಡೆದಿಲ್ಲ. ಅಂಗಿ ತೋಳಿನಿಂದ ಕೈ ಎಳೆದುಕೊಂಡಂತೆ ಪಟ್ಟಿಯ ತುದಿ ಕ್ಲಿಪ್ಪಿನಿಂದ ಜಾರಿ ಬಂದಿತ್ತು. ಇನ್ನೊಮ್ಮೆ ಕಟ್ಟಿದೆವು, ಅದೇ ಕಥೆ. ಕ್ಲಿಪ್ಪನ್ನು ಅದುಮುವ ಸೀಲರನ್ನು ಇಬ್ಬರು ಜೋತು ಬಿದ್ದು ಒತ್ತಿದರೂ ಅಷ್ಟೇ. ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾನೆ ಅಂತ ರೋಲ್ ಹೊತ್ತುಕೊಂಡು ಅಂಗಡಿಗೆ ಹೋದೆ. ಜಗಳಕ್ಕೇ ಹೋಗಿದ್ದೆ.

ಅಂಗಡಿಯವರು ಏನೂ ಮಾತಾಡಲಿಲ್ಲ. ಪಟ್ಟಿಯ ಮೇಲೆ ಹೆಬ್ಬೆರಳು ಉಜ್ಜಿ ನನ್ನ ಮುಂದೆ ಹಿಡಿದರು. ಕಪ್ಪು ಜಿಡ್ಡು. "ಇದ್ಕ ಎಣ್ಣಿ ಹತ್ತೇತಲ್ರೀ ಸರ, ಎಂಥಾ ಕ್ಲಿಪ್ ಹಾಕಿದ್ರೂ ನಿಲ್ಲಂಗಿಲ್ಲ." ನಾವು ವಾಲ್ವ್ ಬಾಡಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆ ಹಚ್ಚುತ್ತೇವೆ. ಅದೇ ಕೈಯಲ್ಲಿ ಹುಡುಗರು ಪಟ್ಟಿ ಎಳೆದಿದ್ದರು.

ತಪ್ಪು ಪೂರ್ತಿ ನಮ್ಮದೇ ಅಲ್ಲ. ಅವರು ಕೊಟ್ಟಿದ್ದ ಕ್ಲಿಪ್ಪಿನ ಒಳಮೈ ನುಣ್ಣಗಿತ್ತು. ನಮ್ಮ ಕಬ್ಬಿಣದ ಪಟ್ಟಿಯ ಸೀಲರ್ ಕ್ಲಿಪ್ಪಿನ ಜೊತೆ ಪಟ್ಟಿಯ ಅಂಚನ್ನೂ ಕಚ್ಚಿ ಮಡಚುತ್ತಿತ್ತು, ಹಾಗಾಗಿ ಜಾರುವ ಮಾತೇ ಇರಲಿಲ್ಲ. ಪೆಟ್‌ಗೆ ಬರೀ ಅದುಮಿ ಹಿಡಿಯುವುದು, ಹಿಡಿತವೇ ಎಲ್ಲ. ಒಳಗೆ ಮರಳು ಕಾಗದದ ಹಾಗೆ ತರಿತರಿ ಇರುವ ಕ್ಲಿಪ್ಪೇ ಬೇಕು. ಕೊಳ್ಳುವಾಗ ಒಳಗೆ ಉಗುರು ಆಡಿಸಿ ನೋಡಿ. ಈಗ ಪಟ್ಟಿ ಕಟ್ಟುವವನು ಆವತ್ತು ಮಾಲು ಮುಟ್ಟುವಂತಿಲ್ಲ. ತುದಿಯನ್ನು ಬನಿಯನ್ ಬಟ್ಟೆಯ ವೇಸ್ಟ್ ಚೂರಿನಲ್ಲಿ ಒರೆಸಿ, ತುದಿಗಳು ಸೇರುವ ಕಡೆ ಎರಡೆರಡು ಕ್ಲಿಪ್ ಹಾಕುತ್ತೇವೆ. ಅದಾದ ಮೇಲೆ ಒಂದೂ ಜಾರಿಲ್ಲ.

ಬಾಕ್ಸಿನ ಮೂಲೆಗೆ ರಟ್ಟಿನ ಆಂಗಲ್ ಇಡಿ, ಇಲ್ಲವಾದರೆ ಪೆಟ್ ಪಟ್ಟಿ ಬಾಕ್ಸನ್ನೇ ಕೊಯ್ಯುತ್ತದೆ.

ನೂಲಿನ ಪಟ್ಟಿಯೂ ಇದೆ, ಬಕಲ್ ಹಾಕಿ ಕಟ್ಟುವುದು. ಸ್ಯಾಂಪಲ್ ಕಟ್ಟಿ ನೋಡಿದೆ. ಸಡಿಲವಾದರೆ ಮತ್ತೆ ಬಿಗಿಯಬಹುದು, ಕೈಗೂ ಮೆತ್ತಗೆ. ರೇಟು ಕೇಳಿ ಅಲ್ಲಿಗೇ ಬಿಟ್ಟೆ.

ನೀವು ಬರೀ ನೋಟ್‌ಬುಕ್ ಬಂಡಲ್ಲೋ ಸಣ್ಣ ಬಾಕ್ಸೋ ಕಳಿಸುವವರಾದರೆ ಪಿಪಿ ಸಾಕು, ಪೆಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ದಿನಕ್ಕೆ 30-40 ಪ್ಯಾಲೆಟ್ ಇದ್ದರೆ ಕ್ಲಿಪ್ಪೇ ಬೇಡದ ಬ್ಯಾಟರಿ ಮಷಿನ್ ನೋಡಿ. ಅದು ಪಟ್ಟಿಯನ್ನು ಉಜ್ಜಿ ಬಿಸಿ ಮಾಡಿ ಅಂಟಿಸುತ್ತದೆ. ನನ್ನ ವಾರದ ಐದಾರು ಪ್ಯಾಲೆಟ್ಟಿಗೆ ಅದರ ದುಡ್ಡು ಹುಟ್ಟುವುದಿಲ್ಲ. ಪಟ್ಟಿಯನ್ನು ಕೈಯಿಂದ ಎಳೆದು ಬಿಗಿಯುವ ಟೆನ್ಷನರ್, ಒಂದು ಸೀಲರ್, ಒಂದು ಚೀಲ ತರಿ ಕ್ಲಿಪ್ಪು. ನನಗಿಷ್ಟು ಸಾಕು.