ಹಳೆಯ ಹಾಯಿದೋಣಿಯ ಡೆಕ್‌ಗೆ ಕಿವಿಗ್ರಿಪ್: ಬಳಸಿದವರ ಅಭಿಪ್ರಾಯ

1971ರಲ್ಲಿ ತಯಾರಿಕೆ ಆರಂಭವಾದ ಕ್ಯಾಟಲಿನಾ 27ರಂಥ ಫೈಬರ್‌ಗ್ಲಾಸ್ ಹಾಯಿದೋಣಿಗಳ ಡೆಕ್‌ನಲ್ಲಿ, ಅಂದರೆ ನಡೆದಾಡುವ ಮೇಲ್ಭಾಗದಲ್ಲಿ, ಕಾಲು ಜಾರದಿರಲೆಂದು ಅಚ್ಚಿನಲ್ಲೇ ಮೂಡಿಸಿದ ಸಣ್ಣ ಉಬ್ಬುಗಳಿರುತ್ತವೆ. ದಶಕಗಳ ಬಿಸಿಲು ಮತ್ತು ಓಡಾಟಕ್ಕೆ ಅವು ಸವೆದು ನುಣುಪಾದಾಗ, ಒದ್ದೆ ಡೆಕ್‌ನ ಮೇಲೆ ಮುಂಭಾಗಕ್ಕೆ ಹೋಗಿ ಹಾಯಿ ಇಳಿಸುವುದೇ ಅಪಾಯದ ಕೆಲಸವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿರುವ ನಮ್ಮ ದೋಣಿಗೆ ಇದೇ ಕಾರಣಕ್ಕೆ ಕಿವಿಗ್ರಿಪ್ ಎಂಬ, ಕಾಲು ಜಾರದಂತೆ ತಡೆಯುವ ಬಣ್ಣ ಬಳಿದೆವು.

ಇದು ನೀರು ಆಧಾರಿತ ಅಕ್ರಿಲಿಕ್ ಲೇಪನ. ಬಣ್ಣಕ್ಕೆ ಮರಳನ್ನೋ ಪ್ಲಾಸ್ಟಿಕ್ ಹರಳನ್ನೋ ಬೆರೆಸುವ ಪದ್ಧತಿಯಲ್ಲಿ ಹರಳು ಒಂದೆಡೆ ಗುಂಪಾಗುವ, ಕ್ರಮೇಣ ಕಿತ್ತುಬರುವ ತೊಂದರೆಯಿದೆ. ಇಲ್ಲಿ ಹರಳೇ ಬೇಕಿಲ್ಲ. ಗಟ್ಟಿ ಮೊಸರಿನಷ್ಟು ಮಂದವಾದ ಬಣ್ಣವನ್ನು ಹಲ್ಲಿರುವ ಕರಣೆಯಿಂದ ಹರಡಿ, ಅದಕ್ಕೆಂದೇ ಮಾಡಿದ ಒರಟು ರೋಲರನ್ನು ಉರುಳಿಸಿದರೆ, ರೋಲರ್ ಮೇಲೇಳುವಾಗ ಬಣ್ಣವನ್ನು ಎಳೆದು ಚೂಪು ತುದಿಗಳನ್ನು ಎಬ್ಬಿಸುತ್ತದೆ. ಬಣ್ಣ ಹೆಚ್ಚಿದ್ದಷ್ಟೂ ತುದಿಗಳು ಎತ್ತರವಾಗುತ್ತವೆ. ಹಗುರವಾಗಿ ಮತ್ತೊಮ್ಮೆ ಉರುಳಿಸಿದರೆ ತಗ್ಗುತ್ತವೆ. ಎಷ್ಟು ಒರಟಿರಬೇಕೆಂಬುದನ್ನು ಬಳಿಯುವವರೇ ನಿರ್ಧರಿಸಬಹುದಾದದ್ದು ನನಗೆ ಬಹಳ ಹಿಡಿಸಿದ ಗುಣ. ಮೊಣಕಾಲೂರಿ ಕೆಲಸ ಮಾಡುವ ಜಾಗದಲ್ಲಿ ತುದಿಗಳು ತಗ್ಗಾಗಿರಲಿ, ಇಲ್ಲವಾದರೆ ಚರ್ಮ ತರಚುತ್ತದೆ. ಪೂರ್ತಿ ಒಣಗಿದ ಮೇಲೂ ಉಜ್ಜುಕಾಗದದಿಂದ ಮೊನೆ ಮುರಿಯಬಹುದು.

ಆದರೆ ಡಬ್ಬಿ ತೆರೆಯುವ ಮೊದಲಿನ ಕೆಲಸವೇ ದೊಡ್ಡದು. ಡೆಕ್‌ನ ಎರಡು ಫೈಬರ್‌ಗ್ಲಾಸ್ ಪದರಗಳ ನಡುವಿನ ಮರ ನೀರು ಕುಡಿದು ಕೊಳೆತಿದ್ದರೆ ಯಾವ ಬಣ್ಣವೂ ಅದನ್ನು ಸರಿಪಡಿಸದು; ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದಾಗ ಟಣ್ ಎನ್ನದೆ ಮಂಕಾಗಿ ಕೇಳಿಸುವ ಜಾಗವನ್ನು ಮೊದಲು ದುರಸ್ತಿ ಮಾಡಿಸಬೇಕು. ಬಳಿಕ ಮೇಣ ಮತ್ತು ಜಿಡ್ಡನ್ನು ದ್ರಾವಕದಿಂದ ಒರೆಸಿ, ಆಮೇಲಷ್ಟೇ ಉಜ್ಜಬೇಕು; ಮೊದಲೇ ಉಜ್ಜಿದರೆ ಮೇಣ ಗೀರುಗಳೊಳಗೆ ಸೇರಿಕೊಂಡು ಬಣ್ಣ ಹಿಡಿಯುವುದಿಲ್ಲ. ಬಿರುಕುಗಳಿಗೆ ಎಪಾಕ್ಸಿ ಅಂಟು ತುಂಬಿ, ಅಂಚಿಗೆ ಟೇಪ್ ಹಚ್ಚಿ, ಟೇಪಿನ ಮೂಲೆಗಳನ್ನು ನಾಣ್ಯವಿಟ್ಟು ದುಂಡಗೆ ಕತ್ತರಿಸಿದರೆ ಕೆಲಸ ಕಾರ್ಖಾನೆಯದ್ದರಂತೆಯೇ ಕಾಣುತ್ತದೆ. ಬಣ್ಣ ಹಸಿಯಿರುವಾಗಲೇ ಟೇಪ್ ಕೀಳಬೇಕು, ಒಣಗಿದರೆ ಅಂಚು ಹರಿದುಬರುತ್ತದೆ.

ಕೊರತೆಗಳೂ ಇವೆ. ಒರಟು ಸಂದುಗಳಲ್ಲಿ ಕೊಳೆ ಕೂರುವುದರಿಂದ ಬ್ರಷ್ ಹಿಡಿದು ತಿಕ್ಕಲೇಬೇಕು. ಬಿಳಿ ಬಣ್ಣ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ, ಗಾಢ ಬಣ್ಣ ಅಂಗಾಲು ಸುಡುತ್ತದೆ. ತಿಳಿ ಬೂದು ಅಥವಾ ಕೆನೆ ಬಣ್ಣವೇ ಲೇಸು. ಹೊಳಪಿನ ಅಂದ ಬಯಸುವವರಿಗೆ ಇದು ರುಚಿಸದಿರಬಹುದು. ಸ್ವತಃ ದುರಸ್ತಿ ಮಾಡಿಕೊಳ್ಳುವವರಿಗೆ ಮಾತ್ರ ನಾನು ಇದನ್ನೇ ಸೂಚಿಸುತ್ತೇನೆ, ಏಕೆಂದರೆ ಮುಂದೆ ಎಲ್ಲಾದರೂ ಸವೆದರೆ ಅಷ್ಟು ಭಾಗವನ್ನೇ ತೊಳೆದು, ಉಜ್ಜಿ, ಅದೇ ರೋಲರಿನಿಂದ ಮತ್ತೆ ಬಳಿಯಬಹುದು.