ಕವರ್ ಬಿಚ್ಚಲು ಬಿಡದವರ ಹತ್ತಿರ ಹಳೆಯ ಕಾಮಿಕ್ಸ್ ತಗೋಬೇಡಿ

ಬೆಳಗಾವಿ, ಹುಬ್ಬಳ್ಳಿ, ಧಾರವಾಡ ಕಡೆಯ ಕಾಮಿಕ್ಸ್ ಹುಚ್ಚಿನವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ. ರಜೆ ಬಂತೆಂದರೆ ಇಂಥ ಮೇಳಗಳು ಮತ್ತೆ ನಡೆಯುತ್ತವೆ. ನನಗೆ ಟೋಪಿ ಹಾಕಿದ ಸ್ಟಾಲಿನವನೂ ಬಂದೇ ಬರುತ್ತಾನೆ.

ವಿಷಯ ಇಷ್ಟು. ಟಿಳಕವಾಡಿಯ ಒಂದು ಹಾಲ್‌ನಲ್ಲಿ ಕಾಮಿಕ್ಸ್, ಅನಿಮೆ (ಜಪಾನಿ ಕಾರ್ಟೂನ್) ಅಭಿಮಾನಿಗಳ ಮೇಳ ಇತ್ತು. ಅಲ್ಲಿ ಹಳೆಯ ಕನ್ನಡ ಇಂದ್ರಜಾಲ ಕಾಮಿಕ್ಸ್ ಅಂತ ಮೂರು ಪುಸ್ತಕಕ್ಕೆ 4,500 ರೂಪಾಯಿ ಕೊಟ್ಟೆ. ಮನೆಗೆ ತಂದು ಬಿಚ್ಚಿ ನೋಡಿದರೆ ಮೂರೂ ಕಲರ್ ಜೆರಾಕ್ಸ್. ಹೌದು, ಜೆರಾಕ್ಸ್. ಯಾರದೋ ಹಳೆಯ ಪುಸ್ತಕ ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದು, ಪಿನ್ ಹೊಡೆದು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟೇಪ್ ಅಂಟಿಸಿದ್ದು.

ನಾನು ಈ ವಿಷಯದಲ್ಲಿ ಏನೂ ಗೊತ್ತಿಲ್ಲದವನಲ್ಲ, ಅದಕ್ಕೇ ಹೊಟ್ಟೆ ಉರಿಯುವುದು. ಹುಡುಗನಾಗಿದ್ದಾಗ ಖಡೇಬಜಾರಿನ ಕಡೆ ರದ್ದಿ ಅಂಗಡಿಯಲ್ಲಿ ಕೂತು ಫ್ಯಾಂಟಮ್, ಮಾಂಡ್ರೇಕ್ ಅನ್ನುವ ನಾಯಕರ ಇಂದ್ರಜಾಲ ಪುಸ್ತಕ ಹುಡುಕಿದವನು ನಾನು. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಶುರುವಾಗಿದ್ದು, 1990ಕ್ಕೆ ನಿಂತುಹೋಗಿದ್ದು ಗೊತ್ತು. ಟೈಮ್ಸ್ ಆಫ್ ಇಂಡಿಯಾದವರು ತರುತ್ತಿದ್ದರು. ಇಂಗ್ಲಿಷ್, ಹಿಂದಿ, ಮರಾಠಿ ಜೊತೆಗೆ ಕನ್ನಡದಲ್ಲೂ ಬರುತ್ತಿತ್ತು. ಗೋವಿಂದ ಬ್ರಹ್ಮಾನಿಯಾ ಬಿಡಿಸಿದ ಮುಖಪುಟಗಳನ್ನು ದೂರದಿಂದಲೇ ಗುರುತಿಸುತ್ತೇನೆ. ಫ್ಯಾಂಟಮ್‌ನ ನಾಡಿನ ಹೆಸರು ನಮ್ಮ ಪುಸ್ತಕಗಳಲ್ಲಿ ಡೆಂಕಾಲಿ ಅಂತ ಬದಲಾಗಿತ್ತಲ್ಲ, ಅದೆಲ್ಲ ಬಾಯಿಪಾಠ. ಇಷ್ಟು ಗೊತ್ತಿರುವವನಿಗೇ ಟೋಪಿ ಹಾಕಿದ ಅಂದಮೇಲೆ ಹೊಸಬರ ಗತಿ ಏನು?

ಈಗ ಸ್ಟಾಲಿನ ಕಥೆ. ಒಳಗೆ ಹೋದಾಗ ಬಲಗಡೆ ಉದ್ದ ಟೇಬಲ್. ಮುಂದೆ ಕೀಚೈನ್, ಬ್ಯಾಡ್ಜ್, ಪೋಸ್ಟರ್, ಕಾಲೇಜು ಹುಡುಗರ ಗದ್ದಲ. ಹಿಂದೆ ಗೋಡೆಗೆ ಒರಗಿಸಿದ ಕಾಮಿಕ್ಸ್, ಪ್ರತಿಯೊಂದಕ್ಕೂ ಕವರ್, ಹಿಂದೆ ಬಿಳಿ ರಟ್ಟು. ಮೇಲೆ ಕೆಂಪು ಸ್ಟಿಕ್ಕರ್, ಅದರ ಮೇಲೆ 'ವಿಂಟೇಜ್ 1964', ಅಂದರೆ ಆ ಕಾಲದ್ದೇ ಹಳೆಯ ಪುಸ್ತಕ ಅಂತ. ನಾನು ನಿಂತಿದ್ದು ನೋಡಿ ಅವನೇ ಕರೆದ. 'ಬರ್ರಿ ಸರ್, ನಿಮ್ಮಂಥಾವ್ರಿಗೇ ಇಟ್ಟೀನಿ. ಈ ಹುಡುಗರಿಗೆ ಏನ್ ತಿಳೀತದ ಇದರ ಕಿಮ್ಮತ್ತು?' ನಮ್ಮ ಕಡೆಯದೇ ಮಾತು. ಮನಸ್ಸು ಅಲ್ಲೇ ಅರ್ಧ ಕರಗಿತು.

ಒಂದರ ಮುಖಪುಟದಲ್ಲಿ ಇಂದ್ರಜಾಲದ ಇನ್ನೊಬ್ಬ ನಾಯಕ ಬಹಾದ್ದೂರ್ ಇದ್ದ, ಮೇಲೆ ಅದೇ 1964ರ ಸ್ಟಿಕ್ಕರ್. ಬಹಾದ್ದೂರ್ ಬಂದಿದ್ದೇ 1976ರಲ್ಲಿ, ಆಬಿದ್ ಸುರತಿ ಬರೆದ ಪಾತ್ರ ಅದು. ಅದನ್ನು ಹೇಳಿದೆ. ಅವನು ಒಂದು ಕ್ಷಣವೂ ತಡವರಿಸಲಿಲ್ಲ. 'ಸೀರೀಸ್ 64ರಿಂದ ಅಂತ ಸರ್ ಅದರ ಅರ್ಥ. ನೀವು ಭಾಳ ತಿಳಿದವ್ರು, ಇಷ್ಟೊತ್ತು ಯಾರೂ ಹಿಡಿದಿರಲಿಲ್ಲ.' ಹೊಗಳಿ ಬಾಯಿ ಮುಚ್ಚಿಸುವ ಕಲೆ ಅವನಿಗೆ ಚೆನ್ನಾಗಿ ಗೊತ್ತು.

ಒಳಗೆ ನೋಡಬೇಕು, ಕವರ್ ತೆಗೀತೀನಿ ಅಂದೆ. ಗಮನಿಸಿ, ಇದೇ ಮುಖ್ಯ ಜಾಗ. ಕೈ ಅಡ್ಡ ಇಟ್ಟ. 'ಬ್ಯಾಡ್ರಿ ಸರ್, ಗಾಳಿ ತಾಗಿದ್ರ ಪೇಪರ್ ಪುಡಿ ಆಗ್ತದ. ಮಿಂಟ್ ಕಂಡೀಷನ್ ಐತಿ. ಸೀಲ್ ಒಡದ್ರ ನಾಳೆ ನೀವು ಮಾರಾಕ ಹೋದ್ರೂ ಯಾರೂ ತಗೊಳ್ಳೂದಿಲ್ಲ.' ಕವರಿನ ಮೂಲಕ ನೋಡಿದರೆ ಹಳದಿ ಬಣ್ಣ ಕಾಣುತ್ತಿತ್ತು, ಅಂಚು ಕಂದು, ಮೂಲೆಯಲ್ಲಿ ಮಡಿಕೆಯ ಗುರುತು. ಹಳೆಯದೇ ಅನ್ನಿಸಿತು. ಹಿಂದೆ ನಾಲ್ಕು ಜನ ನೂಕುತ್ತಿದ್ದರು. ಒಂದಕ್ಕೆ 1,800 ಅಂದವನು ಮೂರಕ್ಕೆ 4,500ಕ್ಕೆ ಇಳಿದ. ಬಿಲ್ ಕೇಳಿದ್ದಕ್ಕೆ 'ಮಷೀನ್ ತಂದಿಲ್ಲ ಸರ್, ವಾಟ್ಸಾಪ್ ಮಾಡ್ತೀನಿ' ಅಂದು ನಂಬರ್ ಇರುವ ಕಾರ್ಡ್ ಕೊಟ್ಟ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬಂದ ಹೆಸರು ಸ್ಟಾಲಿನ ಬೋರ್ಡಿನಲ್ಲಿ ಇದ್ದ ಹೆಸರಲ್ಲ. ಕೇಳಿದರೆ 'ನಮ್ಮ ಪಾರ್ಟ್ನರ್' ಅಂದ.

ಅಕ್ಕನ ಮಗ ಜೊತೆಗಿದ್ದ, ಇಂಜಿನಿಯರಿಂಗ್ ಓದುತ್ತಾನೆ. ಅವನೂ ಅದೇ ಸ್ಟಾಲಿನಲ್ಲಿ ಡ್ರ್ಯಾಗನ್ ಬಾಲ್ ಅನ್ನುವ ಜಪಾನಿ ಕಾರ್ಟೂನಿನ ಗೊಂಬೆಯೊಂದನ್ನು 2,200ಕ್ಕೆ ತಗೊಂಡ. ಅದರ ಕಥೆ ಆಮೇಲೆ.

ರಾತ್ರಿ ಊಟ ಆದಮೇಲೆ ಕವರ್ ಬಿಚ್ಚಿದೆ. ಮೊದಲು ಬಂದದ್ದು ವಾಸನೆ. ಹಳೆಯ ಕಾಮಿಕ್ಸ್ ಮೂಸಿ ನೋಡಿದವರಿಗೆ ಗೊತ್ತು, ಆ ಧೂಳು ಧೂಳು ಮುಗ್ಗಲು ವಾಸನೆ. ಇದರಲ್ಲಿ ಅದಿಲ್ಲ, ಜೆರಾಕ್ಸ್ ಅಂಗಡಿಯ ವಾಸನೆ. ಆಗಲೂ ಅನುಮಾನ ಬರಲಿಲ್ಲ, ಕವರಿನದ್ದಿರಬೇಕು ಅಂದುಕೊಂಡೆ. ಒಳಗಿನ ಮೊದಲ ಪುಟದಲ್ಲಿ ಪೆನ್ಸಿಲಿನಲ್ಲಿ 1.50 ಅಂತ ಬರೆದಿತ್ತು, ರದ್ದಿ ಅಂಗಡಿಯವರು ಹಾಕುತ್ತಿದ್ದ ರೇಟು. ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಯಾವುದೋ ಹುಡುಗನ ಹೆಸರು, '7ನೇ ಇಯತ್ತೆ, ಬ ವರ್ಗ'. ಎಷ್ಟು ಖುಷಿಯಾಯಿತು ಗೊತ್ತಾ? ಆ ಹುಡುಗ ಈಗ ಅಜ್ಜ ಆಗಿರಬೇಕು ಅಂತ ಮನೆಯವಳಿಗೆ ತೋರಿಸಿದೆ ಬೇರೆ.

ಅಳಿಯ ಆ ಪೆನ್ಸಿಲ್ ರೇಟನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿದ. ಹೋಗಲಿಲ್ಲ. ಜೋರಾಗಿ ಉಜ್ಜಿದ. ಹೋಗಲಿಲ್ಲ. ಪೆನ್ಸಿಲ್ ಗೆರೆ ಅಲ್ಲವೇ ಅಲ್ಲ, ಪ್ರಿಂಟ್! 'ಮಾಮಾ, ಇಲ್ಲಿ ನೋಡ್ರಿ' ಅಂತ ನಡುವಿನ ಪುಟ ತೆರೆದ. ಪಿನ್ನಿನ ಹತ್ತಿರ ತುಕ್ಕಿನ ಕಲೆ ಇತ್ತು. ಆದರೆ ಪಿನ್ನು ಅಲ್ಲಿಲ್ಲ, ಅರ್ಧ ಬೆರಳು ಕೆಳಗಿತ್ತು. ಹೊಚ್ಚ ಹೊಸದು, ತೊಳೆದಿಟ್ಟ ಚಮಚದ ಹಾಗೆ ಹೊಳೆಯುತ್ತಿತ್ತು. ತುಕ್ಕು ಒಂದು ಕಡೆ, ಪಿನ್ನು ಇನ್ನೊಂದು ಕಡೆ. ನಡುವೆ ಉದ್ದಕ್ಕೂ ಒಂದು ಬೂದು ನೆರಳು, ಪುಸ್ತಕವನ್ನು ಸ್ಕ್ಯಾನರ್ ಮೇಲೆ ಬೋರಲು ಹಾಕಿದಾಗ ಬೀಳುವಂಥದ್ದು. ಹಳದಿ ಬಣ್ಣವೂ ಪ್ರಿಂಟ್, ಕಂದು ಅಂಚೂ ಪ್ರಿಂಟ್, ಮಡಿಕೆಯ ಗುರುತೂ ಪ್ರಿಂಟ್. ಪುಟದ ಮೇಲೆ ಕೈ ಆಡಿಸಿದರೆ ಮಡಿಕೆ ಇರಬೇಕಾದ ಜಾಗ ನುಣ್ಣಗಿತ್ತು.

ಕೂತಲ್ಲೇ ಕಿವಿ ಬಿಸಿಯಾಯಿತು. ಮನೆಯವಳು ಪುಸ್ತಕ ಹಿಡಿದು ನೋಡಿ ಒಂದೇ ಮಾತು ಹೇಳಿದಳು. 'ಕಾಲೇಜ್ ರೋಡಿನಾಗ ಕಲರ್ ಪ್ರಿಂಟಿಗೆ ಹತ್ತ್ ರೂಪಾಯಿ ರೀ.' ಅಳಿಯ ನಗು ತಡೆದುಕೊಂಡು ಆಚೆ ನೋಡಿದ. ತಡೆದುಕೊಂಡಿದ್ದೇ ಇನ್ನೂ ಅವಮಾನ.

ನಗುತ್ತಿದ್ದವನ ಗೊಂಬೆಯೂ ಅಷ್ಟೇ ಆಯಿತು, ಬಿಡಿ. ಅಸಲಿ ಡ್ರ್ಯಾಗನ್ ಬಾಲ್, ಒನ್ ಪೀಸ್ ಗೊಂಬೆಗಳ ಡಬ್ಬಿ ಮೇಲೆ ಸಾಮಾನ್ಯವಾಗಿ ಆ ಕಾರ್ಟೂನ್ ತಯಾರಿಸುವ ತೋಯಿ ಆನಿಮೇಷನ್‌ನವರ ಹೊಳೆಯುವ ಸಣ್ಣ ಸ್ಟಿಕ್ಕರ್ ಇರುತ್ತದೆ. ಇವನ ಡಬ್ಬಿಯಲ್ಲಿ ಅದಿಲ್ಲ. ಗೊಂಬೆ ಮಾಡುವ ಕಂಪನಿ ಬಾಂದೈ, ಆ ಹೆಸರಿನ ಅಕ್ಷರಗಳೇ ಮಸುಕು. ಹುಬ್ಬಿನ ಕಪ್ಪು ಬಣ್ಣ ಹಣೆಗೆ ಹರಿದಿದೆ. ಮುಚ್ಚಳ ತೆರೆದರೆ ರಾಸಾಯನಿಕದ ವಾಸನೆಗೆ ತಲೆ ಸಿಡಿಯುತ್ತದೆ. ಅಗ್ಗದ ನಕಲಿ ಅಂತ ಹೇಳಿ ಐನೂರಕ್ಕೆ ಕೊಟ್ಟಿದ್ದರೆ ಅವನೇ ಖುಷಿಯಿಂದ ತಗೊಳ್ಳುತ್ತಿದ್ದ. ಅಸಲಿ ಅಂತ ಹೇಳಿ 2,200 ತಗೊಂಡಿದ್ದು ಮೋಸ.

ಈಗ ಅವನ ಉತ್ತರಗಳನ್ನು ಕೇಳಿ. ರಾತ್ರಿಯೇ ಫೋಟೋ ಕಳಿಸಿದೆ. ನೋಡಿದ, ನೀಲಿ ಗುರುತು ಬಂತು, ಉತ್ತರ ಇಲ್ಲ. ಬೆಳಿಗ್ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಕೊನೆಗೆ ಮೆಸೇಜ್ ಬಂತು: 'ರೀಪ್ರಿಂಟ್ ಅಂತ ಹೇಳೇ ಕೊಟ್ಟೀನಲ್ಲ ಸರ್.' ಎಲ್ಲಿ ಹೇಳಿದೆ ಮಾರಾಯ? ಸ್ಟಿಕ್ಕರಿನಲ್ಲಿ ವಿಂಟೇಜ್ ಅಂತ ಇದೆಯಲ್ಲ ಅಂದೆ. 'ವಿಂಟೇಜ್ ಅಂದ್ರ ವಿಂಟೇಜ್ ಸ್ಟೈಲ್.' ಹಾಗಾದರೆ ಗಾಳಿ ತಾಗಿದರೆ ಪೇಪರ್ ಪುಡಿಯಾಗುತ್ತೆ ಅಂದಿದ್ದು ಯಾಕೆ? ಅದಕ್ಕೆ ಉತ್ತರವೇ ಇಲ್ಲ. ಒಂದು ಗಂಟೆ ಬಿಟ್ಟು ಬಂದ ಮೆಸೇಜು: 'ನೀವು ಸೀಲ್ ಒಡದೀರಿ. ಅಸಲಿ ಇಟ್ಕೊಂಡು ಜೆರಾಕ್ಸ್ ಫೋಟೋ ಕಳ್ಸಿಲ್ಲ ಅಂತ ನನಗ ಹೆಂಗ ಗೊತ್ತಾಗಬೇಕು?'

ಇದನ್ನು ಓದಿ ನಿಜವಾಗಲೂ ಕೈ ನಡುಗಿತು. ಕಳ್ಳ ನಾನಂತೆ! 4,500 ಕೊಟ್ಟವನೂ ನಾನೇ, ಕಳ್ಳನೂ ನಾನೇ.

ಕೊನೆಗೆ ಫೋನ್ ಎತ್ತಿದಾಗ ಅವನ ದನಿಯೇ ಬೇರೆ. ಸ್ಟಾಲಿನಲ್ಲಿ ಮಾತುಮಾತಿಗೆ ಸರ್ ಅಂತಿದ್ದವನು ಈಗ ಅಂಕಲ್ ಅನ್ನುತ್ತಿದ್ದ. 'ಅಂಕಲ್, ಕಥಿ ಅದೇ ಐತಿ, ಚಿತ್ರ ಅದೇ ಐತಿ. ನಿಮಗ ಕಥಿ ಓದಬೇಕೋ, ಪೇಪರ್ ಓದಬೇಕೋ?' ಇಂಥ ಮಾತಿಗೆ ಏನು ಹೇಳ್ತೀರಿ? ನೋ ರಿಟರ್ನ್ ಅಂತ ಬೋರ್ಡ್ ಇತ್ತು ಅಂತಾನೆ. ಬೋರ್ಡ್ ಇತ್ತೋ ಇಲ್ಲವೋ, ಪೋಸ್ಟರುಗಳ ನಡುವೆ ನನಗಂತೂ ಕಾಣಲಿಲ್ಲ.

ಮೇಳ ನಡೆಸಿದವರಿಗೂ ಕೇಳಿದೆ. ಒಬ್ಬರೇನೋ ಸೌಮ್ಯವಾಗಿ ಮಾತಾಡಿದರು, ಅಷ್ಟೇ. 'ಸ್ಟಾಲಿನ ಬಾಡಿಗಿ ತಗೊಂಡೀವ್ರಿ. ಅವರು ಒಳಗ ಏನ್ ಮಾರ್ತಾರ ಅನ್ನೂದು ನಮ್ಮ ಜವಾಬ್ದಾರಿ ಅಲ್ರಿ.' ಗೇಟಿನಲ್ಲಿ ಟಿಕೆಟ್ ದುಡ್ಡು ತಗೊಳ್ಳುವಾಗ ಜವಾಬ್ದಾರಿ ಇತ್ತು, ಆಮೇಲೆ ಇಲ್ಲ.

ಅದೇ ಸ್ಟಾಲಿನ ಇನ್ನೊಂದು ಕರಾಮತ್ತು ಹೇಳಲೇಬೇಕು. ಸ್ಪೈಡರ್ ಮ್ಯಾನ್ ಮೊಟ್ಟಮೊದಲು ಕಾಣಿಸಿಕೊಂಡ 1962ರ ಅಮೇಝಿಂಗ್ ಫ್ಯಾಂಟಸಿ 15ನೇ ಸಂಚಿಕೆ 3,000 ರೂಪಾಯಿಗೆ ಇತ್ತು! ಅದರ ಒಂದು ಒಳ್ಳೆಯ ಮೂಲ ಪ್ರತಿ 2021ರಲ್ಲಿ ಅಮೆರಿಕದ ಹರಾಜಿನಲ್ಲಿ 36 ಲಕ್ಷ ಡಾಲರಿಗೆ ಹೋಗಿದೆ. ಟಿಳಕವಾಡಿಯಲ್ಲಿ ಮೂರು ಸಾವಿರ! ಅದು ಮೂಲ ಪ್ರಕಾಶಕರಾದ ಮಾರ್ವೆಲ್‌ನವರೇ ಹೊಸದಾಗಿ ಅಚ್ಚು ಹಾಕಿದ ಫ್ಯಾಕ್ಸಿಮಿಲಿ, ಅಂದರೆ ಹಳೆಯದರ ಹಾಗೇ ಕಾಣುವ ಮರುಮುದ್ರಣ. ಹಳೆಯ 12 ಸೆಂಟ್ ಬೆಲೆ, ಹಳೆಯ ಜಾಹೀರಾತು ಎಲ್ಲ ಹಾಗೇ ಇಡುತ್ತಾರೆ, ಆದರೆ ಫ್ಯಾಕ್ಸಿಮಿಲಿ ಅಂತಲೂ ಅಚ್ಚು ಹಾಕಿರುತ್ತಾರೆ. ಅವರದು ಪ್ರಾಮಾಣಿಕ ಪುಸ್ತಕ, ಸಂಗ್ರಹಕ್ಕೆ ಇಟ್ಟುಕೊಳ್ಳಬಹುದು. ಇವನು ಸರಿಯಾಗಿ ಆ ಅಕ್ಷರದ ಮೇಲೇ ತನ್ನ ಕೆಂಪು ಸ್ಟಿಕ್ಕರ್ ಅಂಟಿಸಿದ್ದ. ಒಬ್ಬ ಹುಡುಗ ಅಪ್ಪನ ಹತ್ತಿರ ಕಾಡಿ ಬೇಡಿ ಅದನ್ನು ಕೊಡಿಸಿಕೊಳ್ಳುತ್ತಿದ್ದ. ಅವರಿಗೆ ಈ ಬರಹ ತಲುಪಲಿ.

ನೋಡ್ರಪ್ಪಾ, ಇಷ್ಟು ಮಾಡಿ. ಕವರ್ ಬಿಚ್ಚಿ ತೋರಿಸದಿದ್ದರೆ ಬೇಡ. ನಿಜವಾಗಿ ಹಳೆಯ ಪುಸ್ತಕ ಮಾರುವವರು ತಾವೇ ಕೈಯಿಂದ ಹುಷಾರಾಗಿ ತೆಗೆದು ನಡುಪುಟ ತೋರಿಸುತ್ತಾರೆ. ಪಿನ್ನು ನೋಡಿ, ತುಕ್ಕು ಪಿನ್ನಿನ ಜಾಗದಲ್ಲೇ ಇರಬೇಕು. ಹಳೆಯ ನ್ಯೂಸ್‌ಪ್ರಿಂಟ್ ಕಾಗದ ಅಂಚಿನಿಂದ ಒಳಗೆ ಹಳದಿಯಾಗುತ್ತಾ ಬರುತ್ತದೆ, ಕಾಗದದ ದಪ್ಪದಲ್ಲೂ ಅದೇ ಬಣ್ಣ ಇರುತ್ತದೆ. ಪ್ರಿಂಟ್ ಹೊಡೆದ ಹಳದಿಯಾದರೆ ಅಂಚನ್ನು ಪಕ್ಕದಿಂದ ನೋಡಿದಾಗ ಒಳಗೆ ಬಿಳಿ ಕಾಣುತ್ತದೆ. ಪುಟವನ್ನು ಬೆಳಕಿಗೆ ಓರೆ ಹಿಡಿದು ನೋಡಿ, ಲೇಸರ್ ಪ್ರಿಂಟಾದರೆ ಕಪ್ಪು ಜಾಗ ಮಿರುಗುತ್ತದೆ. ಅರುವತ್ತರ ದಶಕದ್ದು ಅಂತ ಕೊಡುವ ಪುಸ್ತಕದ ಮೇಲೆ ಬಾರ್‌ಕೋಡ್ ಇದ್ದರೆ ಅಲ್ಲೇ ವಾಪಸ್ ಇಡಿ.

ಅಮರ ಚಿತ್ರ ಕಥೆಯಲ್ಲಿ ಇನ್ನೂ ಹುಷಾರು. ಅದು ಶುರುವಾಗಿದ್ದೇ ಕನ್ನಡದಲ್ಲಿ, 1965ರಲ್ಲಿ. ಮೊದಲ ಹತ್ತು ಕನ್ನಡದಲ್ಲಿ ಬಂದದ್ದಕ್ಕೇ ಇಂಗ್ಲಿಷಿನ 'ಕೃಷ್ಣ' 11ನೇ ನಂಬರ್. ಆ ಹತ್ತರಲ್ಲಿ ಒಂದಿದೆ ಅಂತ ಯಾರಾದರೂ ಮೇಳದಲ್ಲಿ ಅಂದರೆ ನನಗೂ ಹೇಳಿ, ನೋಡಲಿಕ್ಕಾದರೂ ಬರುತ್ತೇನೆ. ಉಳಿದವು ಇವತ್ತಿಗೂ ಮರುಮುದ್ರಣ ಆಗುತ್ತಲೇ ಇವೆ. ಪ್ರಕಾಶಕರ ಹೆಸರು ಎಸಿಕೆ ಮೀಡಿಯಾ ಅಂತಿದ್ದರೆ ಅದು 2007ರ ಈಚಿನದು, ಹಳೆಯ ರೇಟು ಕೊಡಬೇಡಿ.

ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಬಿಲ್ ಕೊಡದಿರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಅನ್ನುತ್ತದೆ. ದೋಷ ಇರುವ ಮಾಲನ್ನು ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದೂ ಅದರಲ್ಲೇ ಬರುತ್ತದೆ. ವಾಪಸ್ ಮಾಡುವ ಅವಧಿಯನ್ನು ಬಿಲ್ಲಿನಲ್ಲಿ ಬರೆಯದಿದ್ದರೆ 30 ದಿನ. ನೋ ರಿಟರ್ನ್ ಬೋರ್ಡ್ ತೋರಿಸಿ ಹೆದರಿಸಿದರೆ ಇದನ್ನು ಹೇಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು, ನಾನು ಬರೆಸಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗಬೇಕು. ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್, ಅವನ ಮೆಸೇಜು ಯಾವುದನ್ನೂ ಅಳಿಸಿಲ್ಲ. 'ವಿಂಟೇಜ್ ಸ್ಟೈಲ್' ಅಂದಿದ್ದನ್ನಂತೂ ಪ್ರಿಂಟ್ ತೆಗೆಸಿ ಇಟ್ಟಿದ್ದೇನೆ, ಹತ್ತು ರೂಪಾಯಿ ಕೊಟ್ಟು.

ಅದೇ ಮೇಳದಲ್ಲಿ ಕೆಂಪು ಸ್ಟಿಕ್ಕರಿನ ಇಂದ್ರಜಾಲ ತಗೊಂಡವರು ಯಾರಾದರೂ ಇದ್ದರೆ ಈಗಲೇ ಬಿಚ್ಚಿ ಮೊದಲ ಪುಟ ನೋಡಿ. 7ನೇ ಇಯತ್ತೆ, ಬ ವರ್ಗದ ಹುಡುಗ ನಿಮ್ಮ ಪುಸ್ತಕದಲ್ಲೂ ಇದ್ದರೆ ಫೋಟೋ ತೆಗೆದು ನನಗೆ ಕಳಿಸಿ. ಒಂದೇ ಹುಡುಗ ಒಂದೇ ಪುಸ್ತಕದ ಎರಡು ಪ್ರತಿಯಲ್ಲಿ ಒಂದೇ ಜಾಗದಲ್ಲಿ ಹೆಸರು ಬರೆದಿರಲು ಸಾಧ್ಯವಿಲ್ಲವಲ್ಲ. ಅದಕ್ಕೆ ಅವನು ಏನು ಉತ್ತರ ಕೊಡುತ್ತಾನೋ ಆಯೋಗದ ಮುಂದೆಯೇ ಕೊಡಲಿ.