ಖಣಿಯ ನೀರಿಗೆ ಕಡಲಿನ ತೂಕ ಕಟ್ಟಿಕೊಂಡು ಇಳಿಯಬೇಡಿ

ಬಾಗಲಕೋಟೆಯ ಸುತ್ತಮುತ್ತ ನೀರು ತುಂಬಿ ನಿಂತಿರುವ ಹಳೆಯ ಸುಣ್ಣದಕಲ್ಲಿನ ಖಣಿಗಳಲ್ಲಿ ಸ್ಕೂಬಾ, ಎಂದರೆ ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಾಳದಲ್ಲಿ ಈಜುವ ಅಭ್ಯಾಸ ಮಾಡಿಸುತ್ತೇವೆಂದು ಯಾರಾದರೂ ಕರೆದರೆ, ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಿರಿ. ಕಳೆದ ಚಳಿಗಾಲದಲ್ಲಿ ನಾನೂ ನನ್ನ ಸೋದರಮಾವನ ಮಗನೂ ಅಂಥದೊಂದು ಖಣಿಯ ತಳದಲ್ಲಿ, 9 ಮೀಟರ್ ಆಳದಲ್ಲಿ, ಒಬ್ಬರಿಗೊಬ್ಬರು ಕಾಣದಂತಾದೆವು. ಇಬ್ಬರೂ ಬದುಕಿ ಬಂದಿದ್ದೇವೆ. ಆದರೆ ನನ್ನ ಎಡಗಿವಿಯ ತಮಟೆಯಲ್ಲಿ ರಕ್ತ ಕಟ್ಟಿ, ಹಲವು ವಾರ ನೀರಿಗಿಳಿಯಬಾರದೆಂದು ವೈದ್ಯರು ಹೇಳಿದರು.

ನಾನು ಡೈವಿಂಗ್ ಕಲಿತದ್ದು ಮುರ್ಡೇಶ್ವರದ ಆಚೆ ಕಡಲಿನಲ್ಲಿರುವ ನೇತ್ರಾಣಿ ದ್ವೀಪದಲ್ಲಿ. ಅಲ್ಲಿ ನನ್ನ ಸೊಂಟಕ್ಕೆ 6 ಕಿಲೋ ಸೀಸ ಕಟ್ಟುತ್ತಿದ್ದರು. ಖಣಿಯ ದಡದಲ್ಲಿ ತರಬೇತುದಾರರು ಅದನ್ನು ಕೇಳಿಕೊಂಡು, ಮುಳುಗಲು ತೊಂದರೆಯಾಗದಿರಲೆಂದು ಇನ್ನೂ 2 ಕಿಲೋ ಸೇರಿಸಿದರು. ಆಗಬೇಕಾದದ್ದು ಇದರ ವಿರುದ್ಧ. ಸಿಹಿನೀರಿಗಿಂತ ಕಡಲಿನ ನೀರು ಶೇಕಡಾ ಎರಡೂವರೆಯಷ್ಟು ಭಾರ. ಆದ್ದರಿಂದ ಸಲಕರಣೆ ಸೇರಿ 100 ಕಿಲೋ ತೂಗುವ ನನ್ನಂಥವನು ಸಿಹಿನೀರಿಗೆ ಇಳಿಯುವಾಗ ಸುಮಾರು ಎರಡೂವರೆ ಕಿಲೋ ಕಡಿಮೆ ಮಾಡಬೇಕಿತ್ತು. ಎಲ್ಲ ಕೂಡಿ ನಾನು ನಾಲ್ಕು ಕಿಲೋಗೂ ಹೆಚ್ಚು ಅನಗತ್ಯ ತೂಕವನ್ನು ಹೊತ್ತು ಇಳಿದೆ. ಇಳಿದೆ ಎನ್ನುವುದಕ್ಕಿಂತ ಜಾರಿದೆ ಎನ್ನಬೇಕು. ಮೂಗು ಹಿಡಿದು ಕಿವಿಯ ಒತ್ತಡ ಸರಿಪಡಿಸಿಕೊಳ್ಳುವಷ್ಟು ಹೊತ್ತೂ ಸಿಗಲಿಲ್ಲ. ಕಿವಿಗೆ ಪೆಟ್ಟು ಬಿದ್ದದ್ದು ಆಗಲೇ.

ಆ ಹೆಚ್ಚುವರಿ ತೂಕವನ್ನು ಸರಿದೂಗಿಸಲು ತೇಲಲು ತೊಡುವ ಗಾಳಿಯ ಜಾಕೆಟ್ಟಿಗೆ ಅಷ್ಟೇ ಲೀಟರ್ ಗಾಳಿ ತುಂಬಬೇಕಾಯಿತು. ಗಾಳಿ ಎದೆಯ ಭಾಗವನ್ನು ಮೇಲಕ್ಕೆತ್ತಿತು, ಸೊಂಟದ ಸೀಸ ಕಾಲುಗಳನ್ನು ಕೆಳಕ್ಕೆಳೆಯಿತು, ದೇಹ ಗೋಡೆಗೆ ಒರಗಿಸಿಟ್ಟ ಏಣಿಯಂತೆ ಓರೆಯಾಗಿ ನಿಂತಿತು. ಇದಕ್ಕೆ ನಮ್ಮ ಊರಿನ ಅಭ್ಯಾಸವೂ ಕೂಡಿಕೊಂಡಿತು. ನಮ್ಮ ಕಡೆ ಈಸು ಕಲಿಯುವುದು ತೋಟದ ಬಾವಿಯಲ್ಲಿ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು. ಅಲ್ಲಿ ತಲೆ ಮೇಲಿರಿಸಲು ಸೈಕಲ್ ತುಳಿದಂತೆ ಕಾಲಾಡಿಸುತ್ತೇವೆ. ಗಾಬರಿಯಾದಾಗ ನೀರಿನ ಆಳದಲ್ಲಿಯೂ ಕಾಲು ಅದನ್ನೇ ಮಾಡುತ್ತದೆ. ಆದರೆ ಓರೆಯಾಗಿರುವ ದೇಹದಿಂದ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಬಡಿದರೆ ನೀರು ಹಿಂದಕ್ಕೆ ಹೋಗುವುದಿಲ್ಲ, ನೇರವಾಗಿ ತಳಕ್ಕೆ ಹೋಗುತ್ತದೆ. ಖಣಿಯ ತಳದಲ್ಲಿ ಹೊಲಗಳಿಂದ ಹರಿದುಬಂದ ಎರೆಮಣ್ಣು ಹಿಟ್ಟಿನಂತೆ ಕೂತಿತ್ತು. ಏಳೆಂಟು ಸಲ ಕಾಲು ಬಡಿಯುವಷ್ಟರಲ್ಲಿ ಅದೆಲ್ಲ ಎದ್ದು, ಕೈಯಲ್ಲಿದ್ದ ಗಾಳಿಯ ಮಾಪಕವೂ ಕಾಣದಾಯಿತು. ಅಂಥ ಜಿಗುಟು ಮಣ್ಣು ಮತ್ತೆ ತಿಳಿಯಾಗಲು ಬಹಳ ಹೊತ್ತು ಬೇಕು.

ಕಾಲಾಡಿಸುವುದನ್ನು ನಿಲ್ಲಿಸಿದರೆ ಕೆಸರಿಗೆ ಬೀಳುತ್ತಿದ್ದೆ, ಆಡಿಸಿದರೆ ಕತ್ತಲೆ ಹೆಚ್ಚುತ್ತಿತ್ತು. ಹೆದರಿ ಜಾಕೆಟ್ಟಿಗೆ ಇನ್ನಷ್ಟು ಗಾಳಿ ಬಿಟ್ಟೆ. 9 ಮೀಟರ್ ಆಳದ 4 ಲೀಟರ್ ಗಾಳಿ ಮೇಲೆ ಬರುವಷ್ಟರಲ್ಲಿ ಏಳೂವರೆ ಲೀಟರ್ ಆಗುತ್ತದೆ. ಹಾಗಾಗಿ ತಡೆಯಲಾಗದ ವೇಗದಲ್ಲಿ ಮೇಲಕ್ಕೆ ಚಿಮ್ಮಿದೆ. ಆ ಹೊತ್ತಿನಲ್ಲಿ ಉಸಿರು ಬಿಗಿಹಿಡಿದಿದ್ದರೆ ಶ್ವಾಸಕೋಶ ಹರಿಯಬಹುದಿತ್ತು. ನೇತ್ರಾಣಿಯಲ್ಲಿ ಕಲಿಸಿದ ಒಂದೇ ಪಾಠ, ಎಂದಿಗೂ ಉಸಿರು ಕಟ್ಟಬಾರದೆಂಬುದು, ನನ್ನನ್ನು ಉಳಿಸಿತು. ಸೋದರಮಾವನ ಮಗ ಮೇಲೆ ಬರಲು ತೆಗೆದುಕೊಂಡ ಆ ಕೆಲವು ನಿಮಿಷಗಳಲ್ಲಿ ಅತ್ತೆಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಗುಣವಾದ ಮೇಲೆ ಬೇರೊಬ್ಬ ಅನುಭವಿಗಳ ಬಳಿ ಈಜುಕೊಳದಲ್ಲಿ ಮೊದಲಿನಿಂದ ಕಲಿತೆ. ಸಿಲಿಂಡರಿನಲ್ಲಿ ಸುಮಾರು 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗ, ಜಾಕೆಟ್ ಖಾಲಿ ಮಾಡಿ, ಸಹಜ ಉಸಿರಿನೊಂದಿಗೆ ಅಲುಗಾಡದೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ನನಗೆ ಸರಿಯಾದ ತೂಕ ಮೂರೂವರೆ ಕಿಲೋ ಎಂದು ತಿಳಿದದ್ದು ಹೀಗೆ. ಬಳಿಕ ಅದರಲ್ಲಿ ಸ್ವಲ್ಪ ಭಾಗವನ್ನು ಸೊಂಟದಿಂದ ತೆಗೆದು ಸಿಲಿಂಡರಿನ ಪಟ್ಟಿಗೆ ಏರಿಸಿದಾಗ ಕಾಲುಗಳು ತಾವಾಗಿಯೇ ಮೇಲೆದ್ದವು. ತೊಡೆ ಮತ್ತು ಬೆನ್ನು ಒಂದೇ ಸಾಲಿನಲ್ಲಿ, ಮೊಣಕಾಲು ಮಡಿಸಿ, ಫಿನ್‌ಗಳು ಬೆನ್ನಿಗಿಂತ ಮೇಲೆ, ದೃಷ್ಟಿ ಮುಂದಕ್ಕೆ. ಈ ಭಂಗಿಯಲ್ಲಿ ಏನೂ ಮಾಡದೆ ಒಂದು ನಿಮಿಷ ಇರಬಲ್ಲವನಿಗೆ ಮಾತ್ರ ಕಾಲಾಡಿಸುವುದನ್ನು ಕಲಿಸಬೇಕು. ಕೆಸರಿನ ತಳವಿರುವಲ್ಲಿ ಕಪ್ಪೆಯ ಒದೆತವೇ ಯೋಗ್ಯ: ಪಾದಗಳನ್ನು ಹೊರಕ್ಕೆ ತಿರುಗಿಸಿ, ನೀರನ್ನು ಹಿಂದಕ್ಕೆ ತಳ್ಳಿ, ಅಂಗಾಲುಗಳು ಕೂಡಿದ ಮೇಲೆ ಸುಮ್ಮನೆ ಜಾರುತ್ತ ಸಾಗಬೇಕು. ಉಸಿರಿನ ಖರ್ಚೂ ಕಡಿಮೆಯಾಗುತ್ತದೆ.

ಅದೇ ಖಣಿಗೆ ಮತ್ತೊಂದು ತಂಡವನ್ನು ಕರೆದೊಯ್ಯುವ ಸಂದೇಶ ಈ ವಾರ ನವನಗರದ ನಮ್ಮ ಗೆಳೆಯರಿಗೆ ಬಂದಿದೆ. ಹೋಗುವವರು, ಈ ನೀರಿನಲ್ಲಿ ನನ್ನ ತೂಕವನ್ನು ಯಾವಾಗ ಪರೀಕ್ಷಿಸುತ್ತೀರಿ ಎಂದು ದಡದಲ್ಲಿಯೇ ಕೇಳಿರಿ. ಉತ್ತರ ಕೊಡದೆ ಬೆಲ್ಟ್ ಕೈಗಿತ್ತರೆ ಅದನ್ನು ಅಲ್ಲಿಯೇ ಇಟ್ಟು ಮರಳಿ ಬನ್ನಿರಿ.